ಡ್ರಮ್ಮಿನಲ್ಲಿ ಮೋಟರ್ ತಿರುಗಿಸಿ ತೋರಿಸಿದರೆ ನಂಬಬೇಡಿ (ಗಾಳ ಹಾಕೋರು, ದೋಣಿ ಹುಡುಕ್ತಿರೋರು ಓದಿ)

ಗಾಳಿ ತುಂಬೋ ದೋಣಿ, 55 ಪೌಂಡ್ ತಳ್ಳುಬಲದ ಬ್ಯಾಟರಿ ಮೋಟರ್, 100 ಆಂಪಿಯರ್-ಅವರ್ (ಆಂಪಿಯರ್ ಇಂಟು ಗಂಟೆ, ಅಂದ್ರೆ ಬ್ಯಾಟರಿ ಹಿಡಿಯೋ ಚಾರ್ಜು) ಬ್ಯಾಟರಿ, ಚಾರ್ಜರ್, ಎಲ್ಲ ಸೇರಿ ‘ಫುಲ್ ಸೆಟ್’ 38,000ಕ್ಕೆ ಅಂತ ದಾವಣಗೆರೆ ಕಡೆಯಿಂದ ಜಾಹೀರಾತು ಓಡಾಡ್ತಿದೆ. ತಗೊಂಡು ಕೆಟ್ಟೆ. ಮಾರಿದವನ ಹೆಸರು ಹಾಕಲ್ಲ. ಟೋಪಿ ಹೆಂಗೆ ಹಾಕಿದ ಅನ್ನೋದನ್ನ ಮಾತ್ರ ಒಂದೂ ಬಿಡದೆ ಹೇಳ್ತೀನಿ.

ಮೊದಲು ಆ ಡ್ರಮ್ಮು. 200 ಲೀಟರಿನ ನೀಲಿ ಡ್ರಮ್ಮಿನ ಅಂಚಿಗೆ ಮೋಟರ್ ಸಿಕ್ಕಿಸಿ ನೇರ ಐದನೇ ಸ್ಪೀಡಿಗೆ ಹಾಕಿದ. ನೀರು ಗಿರ್ರಂತ ಸುತ್ತಿ ಹೊರಗೆ ಚೆಲ್ತು. "ನೋಡಿ ಸಾರ್ ಪವರ್ರು" ಅಂದ. ಪವರ್ರಂತೆ! ಡ್ರಮ್ಮಿನಲ್ಲಿ ಕೆಲವೇ ಸೆಕೆಂಡಿಗೆ ನೀರೇ ಪಂಖದ ಜೊತೆ ತಿರುಗೋಕೆ ಶುರು ಮಾಡುತ್ತೆ. ಆಮೇಲೆ ಪಂಖಕ್ಕೆ ತಳ್ಳೋ ಭಾರ ಕಮ್ಮಿಯಾಗುತ್ತೆ, ಮೋಟರ್ ಎಳೆಯೋ ಕರೆಂಟೂ ಇಳಿಯುತ್ತೆ. ಇಬ್ಬರು ಕೂತ ದೋಣಿಯನ್ನ ತಳ್ಳೋವಾಗ ಇದೇ ಮೋಟರ್ ಫುಲ್ ಸ್ಪೀಡಿನಲ್ಲಿ 50 ಆಂಪಿಯರ್ ಹತ್ತಿರ ಎಳೆಯುತ್ತೆ. ಸತ್ತ ಬ್ಯಾಟರಿ ಸಿಕ್ಕಿಬೀಳೋದು ಅಲ್ಲಿ. ಡ್ರಮ್ಮಿನಲ್ಲಿ ಅರ್ಧ ನಿಮಿಷ ಯಾವ ಬ್ಯಾಟರಿಯೂ ಓಡಿಸುತ್ತೆ.

ಮೀಟರ್ ಇಟ್ಟೂ ತೋರಿಸಿದ. 12.8 ವೋಲ್ಟ್. ಚಾರ್ಜರ್ ಆಗಷ್ಟೇ ಕಿತ್ತಿದ್ದ. ಚಾರ್ಜಿನಿಂದ ಇಳಿಸಿದ ತಕ್ಷಣ ಹಾಳಾದ ಬ್ಯಾಟರಿಯೂ ಅಷ್ಟು ತೋರಿಸುತ್ತೆ. ಏಳೆಂಟು ಗಂಟೆ ಸುಮ್ನೆ ಬಿಟ್ಟು ನೋಡಿದಾಗ 12.6ರ ಮೇಲಿದ್ದರೆ ಸರಿ, 12.2 ಅಂದ್ರೆ ಅರ್ಧ ಖಾಲಿ. ಇದು ಗೊತ್ತಿದ್ದೂ, ಗೊತ್ತಿದ್ದೂ ದುಡ್ಡು ಎಣಿಸಿಕೊಟ್ಟೆ. ಅದೇ ನಾಚಿಕೆ.

ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಂ ಹಿನ್ನೀರಿನಲ್ಲಿ ಮೂರನೇ ಸ್ಪೀಡಿಗೆ 18 ನಿಮಿಷ ಓಡಿ ನಿಂತುಹೋಯ್ತು. ಲೆಕ್ಕ ಹಾಕಿ. ಆ ಸ್ಪೀಡಿಗೆ ಹೆಚ್ಚು ಕಮ್ಮಿ 20 ಆಂಪಿಯರ್. ನಿಜವಾದ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ಎರಡು ಗಂಟೆ ಬರಬೇಕು. ಬಂದಿದ್ದು 6 ಆಂಪಿಯರ್-ಅವರ್. ಹುಟ್ಟು ಇಲ್ಲದಿದ್ರೆ ಅಲ್ಲೇ ರಾತ್ರಿ.

ಗುಜರಿ ಅಂಗಡಿಯಲ್ಲಿ ಬ್ಯಾಟರಿ ತಕ್ಕಡಿಗೆ ಇಟ್ಟಾಗ 17 ಕೆ.ಜಿ. ಬಂತು. ತೂಗಿದವನು ನನ್ನ ಮುಖ ನೋಡಿ, "ಇದು ಕಾರಿಂದಲ್ವಾ ಸಾರ್, ನೂರು ಅಂತ ಯಾರು ಹೇಳಿದ್ರು?" ಅಂದ. ಸೀಸದ ಬ್ಯಾಟರಿ ನಿಜಕ್ಕೂ 100 ಆಗಿದ್ರೆ 30 ಕೆ.ಜಿ. ಹತ್ತಿರ ತೂಗಬೇಕು. ಅವನೇ ಉಗುರಿನಿಂದ ಸ್ಟಿಕ್ಕರ್ ಮೂಲೆ ಎಬ್ಬಿಸಿದ. ಕೆಳಗೆ ಇನ್ನೊಂದು ಸ್ಟಿಕ್ಕರ್, ಅದರಲ್ಲಿ 55 ಆಂಪಿಯರ್-ಅವರ್. ಕಾರಿನ ಬ್ಯಾಟರಿ ಪ್ಲೇಟು ತೆಳು, ಎರಡು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ಎಬ್ಬಿಸೋಕೆ ಮಾಡಿದ್ದು. ಗಂಟೆಗಟ್ಟಲೆ ಖಾಲಿ ಮಾಡಿದರೆ ಕೆಲವೇ ಸಲಕ್ಕೆ ಸಾಯುತ್ತೆ. ಗುಜರಿಯವನಿಗೆ ಎರಡು ನಿಮಿಷಕ್ಕೆ ಗೊತ್ತಾಗಿದ್ದು ನನಗೆ 38,000 ಕೊಟ್ಟ ಮೇಲೆ ಗೊತ್ತಾಯ್ತು.

ಮಾರಿದವನಿಗೆ ಫೋಟೋ ಕಳಿಸಿದೆ. ಉತ್ತರ ನೋಡಿ.

"ನೀವು ಫುಲ್ ಸ್ಪೀಡ್ ಓಡಿಸಿರ್ತೀರಿ ಸಾರ್."

ಮೂರನೇ ಸ್ಪೀಡು ಅಂದೆ.

"ಹಂಗಾದ್ರೆ ಚಾರ್ಜ್ ಸರಿಯಾಗಿ ಹಾಕಿಲ್ಲ."

ಸ್ಟಿಕ್ಕರ್ ಕೆಳಗೆ 55 ಇದೆಯಲ್ಲಪ್ಪಾ ಅಂದೆ. ಒಂದು ದಿನ ಸುದ್ದಿಯಿಲ್ಲ. ಆಮೇಲೆ, "ಅಣ್ಣಾ, ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಹಂಗೇ." ಕೊಡುವಾಗ ಸಾರ್, ಕೇಳುವಾಗ ಅಣ್ಣಾ!

ದೋಣಿ ಇನ್ನೊಂದು ಕಥೆ. ಎಡಗಡೆ ಪ್ಯಾಚ್ ಎದ್ದು ಗಾಳಿ ಇಳೀತಾ ಇತ್ತು. "ಮುಳ್ಳು ಚುಚ್ಚಿರುತ್ತೆ, ಅಲ್ಲಿ ಜಾಲಿ ಜಾಸ್ತಿ ಅಲ್ವಾ" ಅಂದ. ಜಾಲಿ ಇರೋದು ಸುಳ್ಳಲ್ಲ. 1933ರಲ್ಲಿ ಕೋಡಿ ಬಿದ್ದ ಡ್ಯಾಂ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಮುಳ್ಳುಕಂಟಿ ನೀರು ತುಂಬಿದಾಗ ಮುಳುಗಿತ್ತು. ಆದರೆ ಮುಳ್ಳು ಚುಚ್ಚಿದರೆ ಸೂಜಿಮೊನೆಯಷ್ಟು ತೂತು ಆಗುತ್ತೆ. ಇಲ್ಲಿ ಸೋಪು ನೀರು ಹಚ್ಚಿದಾಗ ಗುಳ್ಳೆ ಎದ್ದಿದ್ದು ಪ್ಯಾಚಿನ ಅಂಚಿನುದ್ದಕ್ಕೂ. ಪಿವಿಸಿ ಅಂಟು ಹಾಕಬೇಕಾದ ಕಡೆ ಫೆವಿಕ್ವಿಕ್ ಹಾಕಿದಾನೆ. ಅದು ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿ, ದೋಣಿ ಮಡಚಿದರೆ ಬಿರುಕು ಬಿಡುತ್ತೆ. (ಬಿಸಿಲಲ್ಲಿ ತುಂಬಿದ ದೋಣಿ ತಣ್ಣೀರಿಗೆ ಇಳಿಸಿದಾಗ ಸ್ವಲ್ಪ ಮೆತ್ತಗಾಗೋದು ಸಹಜ, ಅದಕ್ಕೆ ಜಗಳ ಆಡಬೇಡಿ.)

ಪಂಖ ಬಿಚ್ಚಿದರೆ ಪಿನ್ ಜಾಗದಲ್ಲಿ ಕಬ್ಬಿಣದ ಮೊಳೆ. ನೀರೊಳಗಿನ ಮರದ ಬೊಡ್ಡೆಗೆ ಪಂಖ ತಾಗಿದಾಗ ಮುರಿಯಬೇಕಾದದ್ದು ಪಿನ್ನು, ಉಳಿಯಬೇಕಾದದ್ದು ಶಾಫ್ಟು. ಮೊಳೆ ಹಾಕಿದರೆ ಪೆಟ್ಟೆಲ್ಲ ಶಾಫ್ಟಿಗೇ. ಹಿಂದೆ ಹಳೇ ತಂಗೂಸಿ (ಗಾಳದ ದಾರ) ಬೇರೆ ಸುತ್ತಿಕೊಂಡು ಸೀಲ್ ಕೊರೆದಿತ್ತು. ಅಲ್ಲಿಂದ ನೀರು ಒಳಗೆ ಹೋದರೆ ಮೋಟರೂ ಗುಜರಿಗೇ.

"ಪರ್ಮಿಶನ್ನೇನೂ ಬೇಡ, ಸೌಂಡೇ ಬರಲ್ಲ" ಅಂತಲೂ ಅಂದಿದ್ದ. ಸೌಂಡಿಗೂ ಪರ್ಮಿಶನ್ನಿಗೂ ಏನಪ್ಪಾ ಸಂಬಂಧ? ಡ್ಯಾಂ ಕಚೇರಿಯಲ್ಲಿ, ಮೀನಿನ ಹಕ್ಕು ಹಿಡಿದವರ ಹತ್ತಿರ ಮೊದಲೇ ಕೇಳಿದ್ದಕ್ಕೆ ಅದೊಂದರಲ್ಲಿ ಬಚಾವ್.

ತಗೊಳ್ಳೋರು ತಕ್ಕಡಿ ಒಯ್ಯಿರಿ. ದೋಣಿಗೆ ಹಿಂದಿನ ರಾತ್ರಿಯೇ ಗಾಳಿ ತುಂಬಿಡೋಕೆ ಹೇಳಿ. ಕೆರೆಯಲ್ಲಿ ಭಾರ ಹಾಕಿ 20 ನಿಮಿಷ ಓಡಿಸಿ, ಮೋಟರ್ ಓಡ್ತಿರುವಾಗಲೇ ಮೀಟರ್ ನೋಡಿ. 11 ವೋಲ್ಟಿನ ಕೆಳಗೆ ಇಳಿದರೆ ಎದ್ದು ಬನ್ನಿ. ಡ್ರಮ್ ತೋರಿಸಿದರೆ ಮೊದಲೇ ಎದ್ದು ಬನ್ನಿ.

ನಿನ್ನೆ ಅವನ ಹೊಸ ಜಾಹೀರಾತು ಕಾಣಿಸ್ತು. ‘ಫುಲ್ ಸೆಟ್, ಒಂದೇ ಸಲ ಯೂಸ್ ಮಾಡಿದ್ದು’, ಈ ಸಲ 42,000. ಫೋಟೋದಲ್ಲಿ ಅದೇ ನೀಲಿ ಡ್ರಮ್ಮು.