ಸ್ಕ್ರ್ಯಾಚ್ ಕಾರ್ಡ್ ಇಂಕ್: ಕಲಬುರಗಿಯಲ್ಲಿ ಮೂರು ವರ್ಷ ಬಳಸಿದ ಮೇಲೆ

ಮೊದಲು ಮೊಬೈಲ್ ರೀಚಾರ್ಜ್ ಕಾರ್ಡ್ ಮೇಲೆ ಕೆರೆಯುವ ಬೆಳ್ಳಿ ಪಟ್ಟಿ ಇರುತ್ತಿತ್ತು, ಅಲ್ವಾ? ಅಂಥದ್ದೇ ಪಟ್ಟಿಯನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹಾಕುವ ಇಂಕ್ ಇದು. ಮೂರು ವರ್ಷದಿಂದ ಮನೆಯಲ್ಲೇ ಬಳಸುತ್ತಿದ್ದೇನೆ. ಈಗ ಎರಡನೇ ಡಬ್ಬಿ.

ಮೊದಲ ಕೆಲಸವೇ ಕೆಟ್ಟಿತು. ಅಣ್ಣನ ಸೀರೆ ಅಂಗಡಿಗೆ ದೀಪಾವಳಿ ಕೂಪನ್, 200 ಕಾರ್ಡ್. ಆರ್ಟ್ ಕಾರ್ಡ್ (ನಯವಾದ ದಪ್ಪ ಕಾಗದ) ಮೇಲೆ ನೇರವಾಗಿ ಇಂಕ್ ಎಳೆದೆ. ನೋಡೋಕೆ ಚೆನ್ನಾಗಿತ್ತು. ನಾಣ್ಯದಿಂದ ಕೆರೆದರೆ ಇಂಕ್ ಜೊತೆ ಕೆಳಗಿನ ನಂಬರೂ ಕಿತ್ತು ಬಂತು. ಅವತ್ತು ಅತ್ತುಬಿಟ್ಟೆ. ಸೂಪರ್ ಮಾರ್ಕೆಟ್ ಕಡೆ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಕಾಕಾ ಒಬ್ಬರು ಕಾರ್ಡ್ ತಿರುಗಿಸಿ ನೋಡಿ, “ಬರೇ ಕಾಗದ ಇಂಕ್ ಕುಡಿತದವಾ, ನಡುವ ಲ್ಯಾಮಿನೇಷನ್ ಇರಬೇಕು” ಅಂದರು. ಅಂದಿನಿಂದ ನಂಬರ್ ಪ್ರಿಂಟ್ ಆದ ಮೇಲೆ ಗ್ಲಾಸ್ ಲ್ಯಾಮಿನೇಷನ್ (ಹೊಳಪಿನ ತೆಳು ಪ್ಲಾಸ್ಟಿಕ್ ಪದರ), ಅದರ ಮೇಲೆ ಇಂಕ್. ಉಗುರು ತಾಗಿಸಿದರೂ ಸಾಕು, ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ. ಇಂಕ್ ಎಷ್ಟೇ ಒಳ್ಳೆಯದಿರಲಿ, ಅಡಿಯಲ್ಲಿ ನುಣುಪು ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಮೆಶ್ ಅಂದರೆ ಫ್ರೇಮ್‌ಗೆ ಬಿಗಿದ ಜಾಲರಿ ಬಟ್ಟೆ, ಅದರ ಮೂಲಕವೇ ಇಂಕ್ ಕಾರ್ಡ್ ಮೇಲೆ ಇಳಿಯುತ್ತದೆ. ಅದು ದಪ್ಪ ಎಳೆಯದೇ ಬೇಕು. ನಾನು ಇಂಚಿಗೆ 110 ಎಳೆಯದನ್ನು ಬಳಸುತ್ತೇನೆ. ಲಗ್ನಪತ್ರಿಕೆಯ ಸಣ್ಣ ಅಕ್ಷರಕ್ಕೆ ಬಳಸುವ ನಯವಾದ ಮೆಶ್‌ನಲ್ಲಿ ಇಂಕ್ ತೆಳುವಾಗಿ ಬಿದ್ದು ನಂಬರ್ ಕಾಣುತ್ತದೆ. ಎರಡು ಕೋಟ್ ಹಾಕಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ, ನಂಬರ್ ಕಾಣಬಾರದು. 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಕಾರ್ಡ್ ತಗೊಂಡರೆ ಚಿಂತೆ ಕಡಿಮೆ.

ನಮ್ಮೂರಿನ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಏಪ್ರಿಲ್‌ನಲ್ಲಿ ಹತ್ತು ಕಾರ್ಡ್ ಎಳೆಯುವಷ್ಟರಲ್ಲಿ ಇಂಕ್ ಒಣಗಿ ಮೆಶ್ ಕಣ್ಣು (ಸಣ್ಣ ತೂತು) ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಆರಕ್ಕೇ ಶುರು ಮಾಡಿ. ಪ್ರತಿ ಸಲ ಎಳೆದ ಮೇಲೆ ಫ್ರೇಮ್ ಎತ್ತಿ, ಮೆಶ್ ಮೇಲೆ ಮತ್ತೆ ಇಂಕ್ ಹರಡಿ ಇಡಿ. ಆಗ ಕಣ್ಣು ಬೇಗ ಒಣಗಲ್ಲ. ಫ್ಯಾನ್ ಬೇಡ, ಆದರೆ ವಾಸನೆ ಜಾಸ್ತಿ, ಕಿಟಕಿ ತೆರೆದಿರಲಿ.

ಒಂದು ದೂರು ಇದೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲ್ಲ. ಮೊದಲ ಡಬ್ಬಿಯ ಕೊನೆಯ ಕಾಲು ಭಾಗ ಕೆನೆಗಟ್ಟಿ ಹೋಯಿತು. ಈಗ ಪ್ಲಾಸ್ಟಿಕ್ ಹಾಳೆ ಹಾಕಿ ಬಿಗಿಯಾಗಿ ಮುಚ್ಚುತ್ತೇನೆ. ಬೆಳ್ಳಿ ಬಣ್ಣದ ಪುಡಿ ತಳಕ್ಕೆ ಇಳಿದಿರುತ್ತದೆ, ಪ್ರತಿ ಸಲ ತಳದಿಂದ ಕಲಸಬೇಕು.

ಹುಟ್ಟುಹಬ್ಬಕ್ಕೆ ಹತ್ತಿಪ್ಪತ್ತು ಕಾರ್ಡ್ ಸಾಕು ಅನ್ನುವವರು ಇದನ್ನು ಕೊಳ್ಳಬೇಡಿ. ಎರಡು ಭಾಗ ಬೆಳ್ಳಿ ಅಕ್ರಿಲಿಕ್ ಬಣ್ಣಕ್ಕೆ ಒಂದು ಭಾಗ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಬರಹದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಬ್ರಷ್‌ನಿಂದ ಎರಡು ಸಲ ಬಳಿಯಿರಿ. ನನ್ನ ಮಗಳ ಗೆಳತಿಯರಿಗೆ ಹಾಗೇ ಮಾಡಿಕೊಟ್ಟೆ, ಚೆನ್ನಾಗಿ ಕೆರೆಯಲು ಬಂತು.