ಕೋಳಿಮನೆಯ ಕೆಂಪು ನುಸಿಗೆ ಡಯಾಟಮ್ ಪುಡಿ: ಮೂರೂವರೆ ವರ್ಷ ಬಳಸಿದ ಮೇಲೆ

ಮೊದಲ 5 ಕೆಜಿ ಚೀಲ ತರಿಸಿದ್ದು 2022ರ ಫೆಬ್ರವರಿಯಲ್ಲಿ. ಅಲ್ಲಿಂದೀಚೆಗೆ ನಾಲ್ಕು ಬೇರೆ ಬೇರೆ ಮಾರಾಟಗಾರರಿಂದ ಏಳು ಸಲ ತರಿಸಿದ್ದೇನೆ. ಚೀಲದ ಮೇಲೆ ಡಯಾಟಮೇಶಿಯಸ್ ಅರ್ತ್ ಎಂದು ಬರೆದಿರುತ್ತದೆ. ನಾನು ಡಯಾಟಮ್ ಪುಡಿ ಎನ್ನುತ್ತೇನೆ, ಅತ್ತೆಯ ಬಾಯಲ್ಲಿ ಅದು ಬಿಳಿ ಬೂದಿ. ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಅಂಕವನ್ನು ಮೊದಲೇ ಹೇಳಿಬಿಡುತ್ತೇನೆ: ನವೆಂಬರಿನಿಂದ ಮೇ ತಿಂಗಳವರೆಗೆ 5ಕ್ಕೆ 4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪುಡಿಯಾಗಿಯೇ ಉದುರಿಸಿದರೆ, 5ಕ್ಕೆ 1.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಗೆ ಹತ್ತಿರದ ಊರು. ಐವತ್ತೈದು ಅರವತ್ತು ಕೋಳಿಗಳಿವೆ. ಅರ್ಧ ನಾಟಿ, ಅರ್ಧ ಗಿರಿರಾಜ. ಹಗಲೆಲ್ಲ ತೋಟದಲ್ಲಿ ಮೇಯುತ್ತವೆ, ಕತ್ತಲಾದರೆ ಮನೆ ಸೇರುತ್ತವೆ. 12 ಅಡಿಗೆ 10 ಅಡಿಯ ಕೋಳಿಮನೆಗೆ ಹೆಂಚಿನ ಮಾಡು, ಸುತ್ತ ಅಡಿಕೆ ದಬ್ಬೆಯ ಗೋಡೆ, ಕೂರಲು ಬಿದಿರಿನ ಗಳಗಳು. ಮಲೆನಾಡಿನಲ್ಲಿ ಎಲ್ಲರೂ ಕಟ್ಟುವುದು ಹೀಗೆಯೇ. ನುಸಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

2021ರ ಡಿಸೆಂಬರಿನಲ್ಲಿ ಕೋಳಿಗಳು ಸಂಜೆ ಒಳಗೆ ಹೋಗಲು ಒಪ್ಪಲಿಲ್ಲ. ಬಾಗಿಲ ತನಕ ಬಂದು, ಕತ್ತು ಚಾಚಿ ಒಳಗೆ ನೋಡಿ, ಹಿಂತಿರುಗಿ ಪೇರಲ ಮರ ಹತ್ತುತ್ತಿದ್ದವು. ಹಾವೋ ಮುಂಗುಸಿಯೋ ಒಳಗೆ ಸೇರಿರಬೇಕು ಎಂದುಕೊಂಡೆವು. ದಿನಕ್ಕೆ 30ರ ಆಸುಪಾಸು ಬರುತ್ತಿದ್ದ ಮೊಟ್ಟೆ 17ಕ್ಕೆ ಇಳಿಯಿತು. ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದವು. ಮೊಟ್ಟೆ ಆರಿಸಿ ಬಂದ ಮಗನ ಮುಂಗೈ ರಾತ್ರಿಯೆಲ್ಲ ತುರಿಸುತ್ತಿತ್ತು. ಕೊನೆಗೆ, ಹದಿನಾಲ್ಕು ಮೊಟ್ಟೆಯ ಮೇಲೆ ಕಾವಿಗೆ ಕೂತಿದ್ದ ನಮ್ಮ ಕಪ್ಪು ಹೇಂಟೆ ಬುಟ್ಟಿಯಲ್ಲೇ ಸತ್ತುಹೋಗಿತ್ತು. ಎತ್ತಿದರೆ ಕೈಗೆ ಭಾರವೇ ಇಲ್ಲ. ಕೆಂಪಗಿದ್ದ ಜುಟ್ಟು ಬೆಂದ ಮಾಂಸದ ಬಣ್ಣಕ್ಕೆ ತಿರುಗಿತ್ತು. ಆ ಹೇಂಟೆ ಮರಿಗಳಿಗಾಗಿ ಏಳದೆ ಕೂತಿತ್ತು, ನಾನು ಮಾತ್ರ ದಿನವೂ ಪಕ್ಕದಲ್ಲೇ ಕಾಳು ಹಾಕಿ ಬರುತ್ತಿದ್ದೆ, ಏನನ್ನೂ ಗಮನಿಸಿರಲಿಲ್ಲ. ಆ ನೋವು ಈಗಲೂ ಇದೆ.

ಅಂದು ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋದೆ. ಬಿದಿರಿನ ಗಳ ಗೋಡೆಯ ಗೂಟದ ಮೇಲೆ ಕೂರುವ ಜಾಗದಲ್ಲಿ, ಯಾರೋ ಬೂದಿಗೆ ಮೆಣಸಿನ ಪುಡಿ ಬೆರೆಸಿ ಮೆತ್ತಿದ ಹಾಗೆ ಕಂಡಿತು. ಗಳದ ತುದಿಯನ್ನು ಎತ್ತಿದೆ. ಆ ಬೂದಿ ಚಲಿಸಿತು. ಅಡಿಭಾಗದಲ್ಲಿ ಹಳೆಯ ಬಿಳಿ ಪಂಚೆಯ ತುಂಡು ಎಳೆದರೆ ಉದ್ದಕ್ಕೂ ಕುಂಕುಮದ ಗೆರೆ ಮೂಡಿತು. ಅದು ನನ್ನ ಕೋಳಿಗಳ ರಕ್ತ.

ಮಾರನೆಯ ದಿನ ನುಸಿಯನ್ನು ಔಷಧಿ ಬಾಟಲಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ, ‘ನೋಡಿ ಅಮ್ಮ, ಇದು ಕೋಳಿಯ ಮೈಮೇಲೆ ವಾಸಿಸುವ ಹೇನಲ್ಲ, ನಿಮ್ಮ ಕೋಳಿಮನೆಯಲ್ಲಿ ವಾಸಿಸುವ ನುಸಿ. ಮದ್ದು ಬೇಕಾಗಿರುವುದು ಮನೆಗೆ’ ಎಂದರು. ಡರ್ಮನಿಸಸ್ ಗ್ಯಾಲಿನೆ ಎಂಬ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹಗಲು ಬಿರುಕಿನಲ್ಲಿ ಅವಿತಿದ್ದು ರಾತ್ರಿ ಬಂದು ರಕ್ತ ಹೀರಿ ಮತ್ತೆ ಬಿರುಕಿಗೆ ಹೋಗುವುದು ಇದರ ಕ್ರಮ. ಹಸಿದಾಗ ಬೂದುಬಣ್ಣ, ಹೊಟ್ಟೆ ತುಂಬಿದಾಗ ಕೆಂಪು. ದೊಡ್ಡದೆಂದರೂ 1 ಮಿಲಿಮೀಟರ್. ಸೆಕೆಯ ದಿನಗಳಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ ಹತ್ತು ದಿನ ಸಾಕು. ಕೋಳಿಯ ಮೈಮೇಲೆಯೇ ಹಗಲೂ ರಾತ್ರಿ ಇರುವ ಬೇರೆ ನುಸಿಗಳೂ ಇವೆ. ಆದ್ದರಿಂದ ಪುಡಿ ಕೊಳ್ಳುವ ಮೊದಲು ಒಮ್ಮೆ ಹಗಲಿನಲ್ಲಿ ಕೋಳಿಯ ಗುದದ ಸುತ್ತಲಿನ ಪುಕ್ಕ ಬಿಡಿಸಿ ನೋಡಿ, ಒಮ್ಮೆ ರಾತ್ರಿ ಗಳದ ತುದಿ ನೋಡಿ. ಎರಡಕ್ಕೂ ಮದ್ದಿನ ದಾರಿ ಬೇರೆ.

ವೈದ್ಯರು ಕೊಟ್ಟದ್ದು ದನಗಳ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್. ಕೋಳಿಗಳನ್ನು ಹೊರಗಿಟ್ಟು, ಅವರು ಹೇಳಿದ ಪ್ರಮಾಣದಲ್ಲಿ ಸಿಂಪಡಿಸಿ, ಏಳು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದೆವು. ನುಸಿ ತಗ್ಗಿತು, ಮುಗಿಯಲಿಲ್ಲ. ದಬ್ಬೆಗಳ ನಡುವೆ ದ್ರಾವಣ ಇಳಿಯದ ಸಾವಿರ ಸಂದುಗಳಿವೆ. ಜನವರಿಯ ಕೊನೆಗೆ ಕುಂಕುಮದ ಗೆರೆ ಮತ್ತೆ ಮೂಡಿತು. ನಮ್ಮ ಮೊಟ್ಟೆ ಹೋಗುವುದು ಎಳೆ ಮಕ್ಕಳಿರುವ ಮನೆಗಳಿಗೆ. ತಿಂಗಳಿಗೊಮ್ಮೆ ವಿಷ ಹೊಡೆಯುವ ಮನಸ್ಸು ನನಗಿರಲಿಲ್ಲ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಇದೇ ಕೆಂಪು ನುಸಿಗೆಂದು ಕೋಳಿಫಾರಂಗಳಲ್ಲಿ ಫಿಪ್ರೊನಿಲ್ ಬಳಸಿ, ಅದು ಮೊಟ್ಟೆಗೆ ಸೇರಿ, ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಆಹಾರ ಕೊಡುವ ಪ್ರಾಣಿಗಳಿಗೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ ಅಲ್ಲಿ ಇದ್ದಾಗಲೇ ಹೀಗಾಗಿತ್ತು. ನಮ್ಮಲ್ಲಿಯೂ ಗದ್ದೆಗೆ ತಂದ ಔಷಧಿಯ ಉಳಿಕೆಯನ್ನು ಕೋಳಿಮನೆಗೆ ಹೊಡೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹೀಗೆ ಡಯಾಟಮ್ ಪುಡಿಗೆ ಬಂದೆ. ನೀರಿನಲ್ಲಿ ಬದುಕಿದ್ದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಸಿಲಿಕಾ ಚಿಪ್ಪುಗಳು ಲಕ್ಷಾಂತರ ವರ್ಷ ಕೆಳಗೆ ಕೂತು ಗಟ್ಟಿಯಾದ ಮಣ್ಣಿನ ಪುಡಿ ಇದು. ಇದರಲ್ಲಿ ವಿಷವಿಲ್ಲ. ನುಸಿಯ ಮೈಮೇಲಿರುವ ತೆಳ್ಳನೆಯ ಮೇಣದ ಪದರವನ್ನು ಹೀರಿಕೊಳ್ಳುತ್ತದೆ. ಆ ಪದರ ಹೋದ ಮೇಲೆ ಮೈಯ ನೀರು ಆರಿ ನುಸಿ ಸಾಯುತ್ತದೆ. ಕಣ್ಣೆದುರೇ ಸಾಯುವುದಿಲ್ಲ, ಕೆಲವು ದಿನ ಬೇಕು. ಮೊಟ್ಟೆಯೊಳಗಿರುವುದಕ್ಕೆ ಏನೂ ಆಗದ ಕಾರಣ, ಮರಿ ಹೊರಬಂದು ಓಡಾಡುವ ತನಕ ಪುಡಿ ಬಿರುಕಿನಲ್ಲಿ ಉಳಿದಿರಬೇಕು.

ಕೋಳಿಗಳನ್ನು ಹೊರಗೆ ಬಿಟ್ಟು, ಹಳೆಯ ಭತ್ತದ ಹೊಟ್ಟನ್ನೆಲ್ಲ ಬಳಿದು ಸುಟ್ಟು, ಗಳಗಳನ್ನು ಇಳಿಸಿ ಕುದಿಯುವ ನೀರು ಸುರಿದು ಬಿಸಿಲಿಗಿಟ್ಟೆ. ಮಲ್ ಬಟ್ಟೆಯಲ್ಲಿ ಪುಡಿ ಕಟ್ಟಿ ದಬ್ಬೆಯ ಸಂದು ಸಂದಿಗೂ ತಟ್ಟಿದೆ. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಮೊದಲ ಸಲ ಸೀರೆಯ ಸೆರಗು ಕಟ್ಟಿಕೊಂಡು ಮಾಡಿ ಎರಡು ದಿನ ಕೆಮ್ಮಿದೆ. ಧೂಳು ಪೂರ್ತಿ ಕೂತ ಮೇಲೆ ಮಾತ್ರ ಕೋಳಿಗಳನ್ನು ಒಳಗೆ ಬಿಡಬೇಕು, ಅವುಗಳ ಉಸಿರಾಟದ ಅಂಗ ನಮ್ಮದಕ್ಕಿಂತ ಸೂಕ್ಷ್ಮ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಹೀಗೆ ಮಾಡಿದೆ. ಮೊದಲ ವಾರ ವ್ಯತ್ಯಾಸವೇ ಕಾಣಲಿಲ್ಲ, ದುಡ್ಡು ಹೋಯಿತು ಎಂದುಕೊಂಡೆ. ಮೂರನೆಯ ವಾರ ಬಟ್ಟೆ ಎಳೆದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಮಾರ್ಚ್ ಕೊನೆಗೆ ಕೋಳಿಗಳು ತಾವಾಗಿ ಒಳಗೆ ಹೋಗತೊಡಗಿದವು. ಜುಟ್ಟುಗಳಿಗೆ ಬಣ್ಣ ಬಂತು. ಏಪ್ರಿಲ್‌ನಲ್ಲಿ ಮೊಟ್ಟೆ 28ಕ್ಕೆ ಏರಿತು.

ಆಮೇಲೆ ಮಳೆ ಬಂತು.

ನಮ್ಮ ಕಡೆಯ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಜುಲೈನಲ್ಲಿ ಉದುರಿಸಿದ ಪುಡಿ ಮರುದಿನವೇ ಹಿಟ್ಟು ಮೆತ್ತಿದಂತೆ ಕಟ್ಟಿಕೊಂಡಿತ್ತು. ಅದರ ಮೇಲೆ ನುಸಿಗಳು ಆರಾಮವಾಗಿ ಓಡಾಡುತ್ತಿದ್ದವು. ಹೀರುವ ಪುಡಿ ಆಗಲೇ ಗಾಳಿಯ ತೇವ ಕುಡಿದು ತಣಿದಿದ್ದರೆ ನುಸಿಯ ಮೇಣವನ್ನು ಎಲ್ಲಿ ಹೀರುತ್ತದೆ? ಚೀಲದ ಮೇಲೆ ‘ಒಣ ಜಾಗದಲ್ಲಿ ಬಳಸಿ’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಮಲೆನಾಡಿನವರಿಗೆ, ಕರಾವಳಿಯವರಿಗೆ ಅದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಆ ಮಳೆಗಾಲದಲ್ಲಿ 6 ಕೆಜಿ ಸುರಿದು ಏನೂ ಗಿಟ್ಟಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಒಂದು ಬದಲಾವಣೆ ಮಾಡಿದೆ. ಪುಡಿಯನ್ನು ನೀರಿನಲ್ಲಿ ಕಲಸಿ, ನೀರು ದೋಸೆಯ ಹಿಟ್ಟಿನ ಹದಕ್ಕೆ ತಂದು, ಸುಣ್ಣ ಹೊಡೆಯುವ ಬ್ರಷ್‌ನಿಂದ ಸಂದುಗಳಿಗೆ ಒತ್ತಿ ಬಳಿದೆ. ಬಿಸಿಲಿಗೆ ಒಣಗಿ ಬಿಳಿ ಪದರವಾಗಿ ಕಚ್ಚಿಕೊಂಡಿತು. ಹೀಗೆ ಬಳಿದದ್ದು ಉದುರಿಸಿದ್ದಕ್ಕಿಂತ ಎಷ್ಟೋ ದಿನ ಹೆಚ್ಚು ನಿಲ್ಲುತ್ತದೆ, ಧೂಳೂ ಏಳುವುದಿಲ್ಲ. ಆದರೆ ಬಳಿದ ಮೇಲೆ ಒಂದೆರಡು ದಿನ ಕಡುಬಿಸಿಲು ಬೇಕು. ಮಳೆ ಹಿಡಿದ ಮೇಲೆ ಬಳಿದರೆ ಒಣಗದೆ ಜಾರುತ್ತದೆ.

ನಿಜವಾದ ಬದಲಾವಣೆ ಬಂದದ್ದು ಮಾತ್ರ ಪುಡಿಯಿಂದಲ್ಲ, ಮರಗೆಲಸದಿಂದ. ಒಂದು ದಬ್ಬೆಯನ್ನು ಕಿತ್ತು ಒಳಮೈ ನೋಡಿದ್ದೆ. ನಾರು ನಾರಾಗಿ ಬಿಟ್ಟುಕೊಂಡ ಆ ತಿರುಳಿನೊಳಗೆ, ಉಗುರಿನಲ್ಲಿ ಕೆರೆದಷ್ಟೂ ನುಸಿ, ಅವುಗಳ ಬಿಳಿ ಮೊಟ್ಟೆ, ಸುಲಿದ ಚರ್ಮ. ಇಷ್ಟು ಆಳಕ್ಕೆ ಯಾವ ಪುಡಿ ಇಳಿಯುತ್ತದೆ? ಬಿದಿರಿನ ಗಳದ ಟೊಳ್ಳಿನಲ್ಲಿಯೂ ಅದೇ ಕಥೆ. 2023ರ ಡಿಸೆಂಬರಿನಲ್ಲಿ ಒಳಗಿನ ಗೋಡೆಯನ್ನು ಎರಡೂವರೆ ಅಡಿ ಎತ್ತರದವರೆಗೆ ಇಟ್ಟಿಗೆಯಿಂದ ಕಟ್ಟಿಸಿ ಸಿಮೆಂಟ್ ಗಾರೆ ಮಾಡಿಸಿದೆ, ಅದರ ಮೇಲೆ ತಂತಿಯ ಬಲೆ. ಬಿದಿರನ್ನು ತೆಗೆಸಿ, ನುಣ್ಣಗೆ ಕೀಸುಳಿ ಹೊಡೆದು ಅಂಚು ಉರುಟು ಮಾಡಿದ ಮರದ ರೀಪುಗಳನ್ನು ಹಾಕಿಸಿದೆ. ಅವು ಗೋಡೆಗೆ ತಾಗುವುದಿಲ್ಲ. ಕಬ್ಬಿಣದ ಕಾಲುಗಳ ಮೇಲೆ ನಿಂತಿವೆ, ಪ್ರತಿ ಕಾಲಿಗೂ ಅಡುಗೆಮನೆಯ ಹಳೆಯ ಎಣ್ಣೆ ತುಂಬಿದ ತಗಡಿನ ಬಟ್ಟಲು. ನುಸಿಗೆ ರೆಕ್ಕೆಯಿಲ್ಲ, ನಡೆದೇ ಬರಬೇಕು. ಈಗ ನಾನು ಪುಡಿ ಬಳಿಯಬೇಕಾದದ್ದು ರೀಪು ಕಾಲಿಗೆ ಸೇರುವ ಎಂಟು ಸಂದು ಮತ್ತು ಮೊಟ್ಟೆ ಬುಟ್ಟಿಗಳ ಹಿಂಭಾಗ. ವರ್ಷಕ್ಕೆ 12 ಕೆಜಿ ಬೇಕಾಗುತ್ತಿದ್ದ ಕಡೆ 2 ಕೆಜಿ ಸಾಕಾಗುತ್ತಿದೆ. ಹಾಗಾಗಿ ನಿಮ್ಮದು ದಬ್ಬೆಯ ಮನೆಯಾದರೆ, ಎರಡನೆಯ ಚೀಲದ ದುಡ್ಡನ್ನು ಆಚಾರಿಗೆ ಕೊಡಿ ಎನ್ನುತ್ತೇನೆ.

ಮನೆಯನ್ನು ತಿಂಗಳು ಖಾಲಿ ಬಿಟ್ಟರೆ ನುಸಿ ಹಸಿದು ಸಾಯುತ್ತದೆ ಎಂದು ನೆರೆಯವರು ಹೇಳಿದ್ದನ್ನು ನಂಬಿ ಅದನ್ನೂ ಮಾಡಿದ್ದೆ. ತಂಪಿನಲ್ಲಿ ಇವು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಕೋಳಿ ಮರಳಿದ ರಾತ್ರಿಯೇ ಅವೂ ಎದ್ದು ಬಂದವು.

ಕೊಳ್ಳುವಾಗ ಒಂದು ಮಾತನ್ನು ಮರೆಯಬೇಡಿ. ಈಜುಕೊಳದ ನೀರು ಸೋಸಲು ಬಳಸುವ, ಹೆಚ್ಚಿನ ಶಾಖದಲ್ಲಿ ಸುಟ್ಟ ಡಯಾಟಮ್ ಪುಡಿಯೂ ಇದೇ ಹೆಸರಿನಲ್ಲಿ ಸಿಗುತ್ತದೆ. ಸುಟ್ಟಾಗ ಅದರಲ್ಲಿ ಸ್ಫಟಿಕರೂಪದ ಸಿಲಿಕಾ ಹೆಚ್ಚಾಗುತ್ತದೆ, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಕೋಳಿಮನೆಗೆ ಅದು ಬೇಡವೇ ಬೇಡ. ನನ್ನ ಮೂರನೆಯ ಚೀಲದಲ್ಲಿ ಯಾವ ದರ್ಜೆ ಎಂಬ ಗುರುತೇ ಇರಲಿಲ್ಲ. ಕೇಳಿದರೆ ಮಾರಾಟಗಾರರು ಉತ್ತರಿಸಲಿಲ್ಲ. ಚೀಲ ಬಿಚ್ಚದೆ ಹಿಂದಿರುಗಿಸಿದೆ, ಹಣ ಬರಲು ಇಪ್ಪತ್ತು ದಿನ ಹಿಡಿಯಿತು. ‘ಆಹಾರ ದರ್ಜೆ’ ಎಂದು ಸ್ಪಷ್ಟವಾಗಿ ಬರೆಯದ ಚೀಲವನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಮೇವಿಗೆ ಬೆರೆಸಿದರೆ ಹೊಟ್ಟೆಹುಳವೂ ಹೋಗುತ್ತದೆ ಎಂದು ಕೆಲವು ಚೀಲಗಳ ಮೇಲಿರುತ್ತದೆ. ಒಣಗಿಸಿ ಕೊಲ್ಲುವ ಪುಡಿ ಸದಾ ಒದ್ದೆಯಾದ ಕರುಳಿನಲ್ಲಿ ಏನು ಮಾಡೀತು? ನಾನು ಮೂರು ತಿಂಗಳು ಹಾಕಿ ನೋಡಿದೆ, ಹಿಕ್ಕೆಯಲ್ಲಿ ಹುಳ ಹಾಗೆಯೇ ಇದ್ದವು.

ಅತ್ತೆಯ ಮದ್ದು ಲಕ್ಕಿ ಸೊಪ್ಪು ಮತ್ತು ಒಲೆಯ ಬೂದಿ. ಕಾವಿಗೆ ಕೂರಿಸುವ ಬುಟ್ಟಿಯ ತಳಕ್ಕೆ ಲಕ್ಕಿ ಸೊಪ್ಪು ಹಾಸುವುದನ್ನು ಅವರು ಒಮ್ಮೆಯೂ ಬಿಟ್ಟಿಲ್ಲ, ಈಗ ನಾನೂ ಬಿಡುವುದಿಲ್ಲ. ಕೋಳಿಗಳು ಹೊರಳಾಡುವ ಗುಂಡಿಗೆ ಜರಡಿ ಹಿಡಿದ ಬೂದಿ ಮಾತ್ರ ಹಾಕುತ್ತೇನೆ. ಡಯಾಟಮ್ ಪುಡಿಯನ್ನು ಅಲ್ಲಿಗೆ ಹಾಕುವುದನ್ನು ನಿಲ್ಲಿಸಿದ್ದೇನೆ, ಏಕೆಂದರೆ ಹೊರಳಾಡುವಾಗ ಏಳುವ ಆ ಧೂಳನ್ನು ಅವು ದಿನವೂ ಉಸಿರಾಡುವುದು ನನಗೆ ಸರಿಕಾಣಲಿಲ್ಲ.

ನುಸಿ ಎಷ್ಟಿದೆ ಎಂದು ತಿಳಿಯಲು ದುಡ್ಡಿಲ್ಲದ ಉಪಾಯವೊಂದಿದೆ. ರಟ್ಟಿನ ಪೆಟ್ಟಿಗೆಯ ಒಳಪದರ ಅಲೆಯಲೆಯಾಗಿರುತ್ತದಲ್ಲ, ಅದರ ಅಂಗೈಯಗಲದ ತುಂಡನ್ನು ರೀಪಿನ ಅಡಿಗೆ ಕಟ್ಟಿ. ಕತ್ತಲೆಯ ಸಂದು ಸಿಕ್ಕಿತೆಂದು ನುಸಿಗಳು ಬೆಳಗಿನ ಜಾವ ಅಲ್ಲಿ ಸೇರಿಕೊಳ್ಳುತ್ತವೆ. ವಾರಕ್ಕೊಮ್ಮೆ ಬಿಚ್ಚಿ, ಬಿಳಿ ತಟ್ಟೆಯ ಮೇಲೆ ಕೊಡವಿ ಎಣಿಸಿ, ರಟ್ಟನ್ನು ಒಲೆಗೆ ಹಾಕುತ್ತೇನೆ. ಮೊದಲ ಬೇಸಿಗೆಯಲ್ಲಿ ಎಣಿಸಲಾಗದಷ್ಟು ಬೀಳುತ್ತಿದ್ದವು. ಸಂಖ್ಯೆ 20 ದಾಟಿದರೆ ಮತ್ತೆ ಬಳಿಯುವುದು ಎಂದು ನಾನೇ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ.

ಈ ವಾರ, 2025ರ ಸೆಪ್ಟೆಂಬರ್ ಎರಡನೆಯ ಭಾನುವಾರ, ಮಳೆ ಇನ್ನೂ ಬಿಟ್ಟಿಲ್ಲ. ನಾಲ್ಕು ರಟ್ಟುಗಳಿಂದ ಒಟ್ಟು 9 ನುಸಿ ಬಿದ್ದವು. ಸತ್ತ ಕಪ್ಪು ಹೇಂಟೆಯ ಮಗಳು ಹನ್ನೊಂದು ಮೊಟ್ಟೆಯ ಮೇಲೆ ಕೂತು ಇಂದಿಗೆ ಹದಿನಾರನೆಯ ದಿನ. ರಾತ್ರಿ ಟಾರ್ಚ್ ಹಿಡಿದು ಹೋಗಿ ಬುಟ್ಟಿಯ ಹಿಂಭಾಗ ನೋಡಿದೆ, ಜುಟ್ಟು ನೋಡಿದೆ. ಕೆಂಪಗಿದೆ.