ಹಳೆಯ ಫೋರ್ಟ್ರಾನ್ ಪ್ರೋಗ್ರಾಂ ಲಿನಕ್ಸ್‌ಗೆ ಪೋರ್ಟ್ ಮಾಡಿಸುವವರೇ, ನನಗಾದದ್ದು ನಿಮಗಾಗದಿರಲಿ

ಎಂಬತ್ತೈದು ಸಾವಿರ ರೂಪಾಯಿ ಕೊಟ್ಟು ಮೋಸ ಹೋದೆ. ಹಣದ ಮಾತು ಹಾಗಿರಲಿ. ಆ ಪ್ರೋಗ್ರಾಂ ಕೊಟ್ಟ ಉತ್ತರವನ್ನು ನಂಬಿ ಒಬ್ಬರ ಮೆಕ್ಕೆಜೋಳದ ಗೋದಾಮಿಗೆ ತಪ್ಪು ಬೀಮ್ ಹೇಳಿಬಿಟ್ಟಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ನಾನು ದಾವಣಗೆರೆಯಲ್ಲಿ ಸ್ಟ್ರಕ್ಚರಲ್ ವಿನ್ಯಾಸದ ಕೆಲಸ ಮಾಡುವವನು. ಗೋದಾಮು, ಅಕ್ಕಿ ಗಿರಣಿ, ಶೆಡ್ಡುಗಳ ಉಕ್ಕಿನ ಚೌಕಟ್ಟಿನ ಲೆಕ್ಕಕ್ಕೆ ನಾನೇ ಫೋರ್ಟ್ರಾನ್ 77 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡ ಪ್ರೋಗ್ರಾಂ ಇದೆ. ಅದು ಓಡುತ್ತಿದ್ದದ್ದು ಸನ್ ಅಲ್ಟ್ರಾ 10 ಯಂತ್ರದ ಮೇಲೆ, ಸೊಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಅದರ ಎನ್‌ವಿರ್‍ಯಾಮ್ ಚಿಪ್‌ನೊಳಗಿನ ಬ್ಯಾಟರಿ ಸತ್ತು, ಪ್ರತಿ ಸಲ ಆನ್ ಮಾಡಿದಾಗಲೂ ತಕರಾರು ಶುರುವಾಯಿತು. ಹೊಸ ಕಂಪ್ಯೂಟರಿನ ಲಿನಕ್ಸ್‌ಗೆ ತರಿಸೋಣ, ಅಂದರೆ ಪೋರ್ಟ್ ಮಾಡಿಸೋಣ ಎಂದುಕೊಂಡೆ. ಕೋಡ್ ನನ್ನದೇ ಆದರೂ ಕೆಲಸದ ಒತ್ತಡದಲ್ಲಿ ನಾನೇ ಕೂರಲು ಆಗಲಿಲ್ಲ. ಅಲ್ಲೇ ನಾನು ಎಡವಿದ್ದು.

ಪರಿಚಯದವರು ಒಬ್ಬನನ್ನು ಕಳುಹಿಸಿದರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಯುನಿಕ್ಸ್ ಪೋರ್ಟಿಂಗನ್ನೇ ಮಾಡಿದ್ದೇನೆ ಎಂದ. ಅರ್ಧ ಹಣ ಮುಂಗಡ, ಉಳಿದದ್ದು ತೋರಿಸಿದ ದಿನ, ಅವನು ಬದಲಿಸಿದ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಆಮೇಲೆ. ಎಲ್ಲವೂ ಬಾಯಿಮಾತು. ಪರೀಕ್ಷೆಗೆಂದು ನಾನು ಒಂದೇ ಒಂದು ಹಳೆಯ ಲೆಕ್ಕ ಕೊಟ್ಟೆ. ಅದರ ಎಲ್ಲ ಬೀಮುಗಳೂ ಐಎಸ್‌ಎಂಬಿ 300 (300 ಮಿಲಿಮೀಟರ್ ಎತ್ತರದ, ಇಂಗ್ಲಿಷ್ ಐ ಅಕ್ಷರದ ಆಕಾರದ ಉಕ್ಕಿನ ಬೀಮ್). ಈ ಮಾತು ನೆನಪಿಡಿ.

ತೋರಿಸಿದ ದಿನ ಹಳೆಯ ಪ್ರಿಂಟ್ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದೆ. ಮೂರನೆಯ ದಶಮಾಂಶದವರೆಗೂ ಒಂದೇ. ಬಾಕಿ ಹಣವನ್ನು ಅಲ್ಲೇ ಕೊಟ್ಟು, ಕಾಫಿ ಕುಡಿಸಿ ಕಳುಹಿಸಿದೆ. ಕಾಫಿ ಬೇರೆ!

ಎರಡು ತಿಂಗಳ ಮೇಲೆ ಗೋದಾಮಿನ ಅಟ್ಟದ ಲೆಕ್ಕ ಬಂತು. ಆರು ಮೀಟರ್ ಅಂತರದ ಬೀಮ್. ಉಕ್ಕು ಉಳಿಸೋಣವೆಂದು ಐಎಸ್‌ಎಂಬಿ 200 ಹಾಕಿ ನೋಡಿದರೆ ಡಿಫ್ಲೆಕ್ಷನ್ (ಭಾರಕ್ಕೆ ಬೀಮ್ ಬಾಗುವ ಅಳತೆ) 6 ಮಿಲಿಮೀಟರ್. ಧಾರಾಳವಾಯಿತು ಎಂದು ಮಾಲೀಕರಿಗೆ ಫೋನಿನಲ್ಲೇ ಹೇಳಿಬಿಟ್ಟೆ. ಮರುದಿನ ಫ್ಯಾಬ್ರಿಕೇಷನ್ ಮಾಡುವ ಹಿರಿಯರು ಫೋನ್ ಮಾಡಿದರು. "ಸರ್, ಇನ್ನೂರರದ್ದು ಹೇಳಿದ್ದೀರಂತೆ. ಅಟ್ಟದ ಮೇಲೆ ಚೀಲ ಪೇರಿಸುತ್ತಾರೆ. ಇನ್ನೊಮ್ಮೆ ನೋಡಿಬಿಡಿ" ಎಂದರು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಅನುಭವದ ಕಣ್ಣು.

ಮತ್ತೆ ಕುಳಿತೆ. 200 ತೆಗೆದು 300 ಹಾಕಿದೆ: 6 ಮಿಲಿಮೀಟರ್. ಮತ್ತೆ 200: 6 ಮಿಲಿಮೀಟರ್. ಬೀಮ್ ಬದಲಾದರೂ ಉತ್ತರ ಕದಲಲಿಲ್ಲ. ಕೈಕಾಲು ತಣ್ಣಗಾದವು. 300ರ ಮೊಮೆಂಟ್ ಆಫ್ ಇನರ್ಷಿಯಾ (ಇದು ಕಡಿಮೆಯಾದಷ್ಟೂ ಬೀಮ್ ಹೆಚ್ಚು ಬಾಗುತ್ತದೆ) 8603.6 ಸೆಂಟಿಮೀಟರ್⁴, 200ರದ್ದು 2235.4. ಡಿಫ್ಲೆಕ್ಷನ್ ಹೆಚ್ಚುಕಡಿಮೆ ನಾಲ್ಕರಷ್ಟಾಗಬೇಕು. ಕ್ಯಾಲ್ಕುಲೇಟರ್ ಹಿಡಿದು ಮಾಡಿದರೆ 23 ಮಿಲಿಮೀಟರ್. ಅಂತರದ ಮುನ್ನೂರನೇ ಒಂದು ಭಾಗದ ಮಿತಿ ಹಿಡಿದರೆ 20 ದಾಟಬಾರದು. ಮಾಲೀಕರಿಗೆ ಫೋನ್ ಮಾಡಿ "ನಾನು ಹೇಳಿದ್ದು ತಪ್ಪು, ಉಕ್ಕು ತರಿಸಬೇಡಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಇನ್ನು ಆ ಮಹಾನುಭಾವನ ಉತ್ತರಗಳು. ಮೊದಲ ದಿನ: "ಸರ್, ಹೊಸ ಕಂಪೈಲರ್‌ನಲ್ಲಿ ದಶಮಾಂಶ ಸ್ವಲ್ಪ ವ್ಯತ್ಯಾಸ ಬರುತ್ತದೆ." ಆರಕ್ಕೂ ಇಪ್ಪತ್ಮೂರಕ್ಕೂ ಇರುವುದು ದಶಮಾಂಶದ ವ್ಯತ್ಯಾಸವೇ? ಎರಡನೆಯ ದಿನ: "ನಿಮ್ಮ ಡೇಟಾ ಫೈಲ್ ಹಾಳಾಗಿರಬೇಕು." ಮೂರನೆಯ ದಿನ: "ತೋರಿಸಿದ ದಿನ ನೀವೇ ಸರಿಯಿದೆ ಎಂದಿರಲ್ಲ ಸರ್." ಈ ಮೂರನೆಯದು ನನ್ನನ್ನು ಚುಚ್ಚಿದಷ್ಟು ಇನ್ನಾವುದೂ ಚುಚ್ಚಲಿಲ್ಲ. ಹೌದು, ನಾನೇ ಹೇಳಿದ್ದೆ.

ಡೇಟಾ ಫೈಲ್ ಹಾಳಾಗಿದೆಯಂತೆ! ಸರಿ, ಅದನ್ನೇ ತೆಗೆದು ನೋಡೋಣ ಎಂದು ಉಕ್ಕಿನ ಸೆಕ್ಷನ್‌ಗಳ (ಬೀಮ್ ಗಾತ್ರಗಳ) ಕೋಷ್ಟಕವಿರುವ ಫೈಲನ್ನು ಬೇರೆ ಡೈರೆಕ್ಟರಿಗೆ ಸರಿಸಿ ಪ್ರೋಗ್ರಾಂ ಓಡಿಸಿದೆ. ಒಂದು ದೂರೂ ಇಲ್ಲ. ಅದೇ 6 ಮಿಲಿಮೀಟರ್. ಡೈರೆಕ್ಟರಿ ನೋಡಿದರೆ ಅದೇ ಹೆಸರಿನ ಹೊಸ ಫೈಲ್ ಹುಟ್ಟಿಕೊಂಡಿದೆ, ಗಾತ್ರ 0 ಬೈಟ್. ಪ್ರೋಗ್ರಾಂ ಆ ಕೋಷ್ಟಕವನ್ನು ಎಂದೂ ಓದಿಯೇ ಇರಲಿಲ್ಲ!

ಅವನ ಕಚೇರಿಗೇ ಹೋಗಿ ಸಂಜೆಯವರೆಗೆ ಕುಳಿತ ಮೇಲೆ ಸೋರ್ಸ್ ಕೋಡನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಮನೆಗೆ ಬಂದು ತೆರೆದೆ. ಫೈಲ್ ಓದುವ ಸಾಲಿಗೆ ಐಓಸ್ಟ್ಯಾಟ್ (ದೋಷ ಬಂದರೆ ಪ್ರೋಗ್ರಾಂ ನಿಲ್ಲಿಸದೆ ದೋಷದ ಸಂಖ್ಯೆಯನ್ನು ಹಿಡಿದಿಡುವ ಆಯ್ಕೆ) ಸೇರಿಸಿದ್ದಾನೆ, ಅದರಲ್ಲಿ ಬಂದ ದೋಷದ ಸಂಖ್ಯೆಯನ್ನು ಎಲ್ಲಿಯೂ ನೋಡಿಲ್ಲ. ಅಂದರೆ ಓದಲು ಆಗದಿದ್ದರೂ ಬಾಯಿಮುಚ್ಚಿಕೊಂಡು ಮುಂದೆ ಹೋಗು ಎಂದು. ಮೇಲುಗಡೆ, ಮೊದಲೇ ಬೆಲೆ ತುಂಬಿಡುವ ಡೇಟಾ ಸಾಲಿನಲ್ಲಿ 8603.6 ಎಂದು ಕೈಯಾರೆ ಬರೆದಿದ್ದಾನೆ. ನಾನು ಕೊಟ್ಟ ಪ್ರಿಂಟ್ ಹಾಳೆಯಿಂದ ಎತ್ತಿದ್ದು. ಪರೀಕ್ಷೆಯ ಲೆಕ್ಕ ಹೊಂದಿಕೆಯಾಗದೆ ಇನ್ನೇನಾದೀತು? ಇದನ್ನು ಅರಿಯದೆ ಆದ ತಪ್ಪು ಎಂದು ನಾನು ಒಪ್ಪುವುದಿಲ್ಲ.

ನಿಜವಾದ ತೊಂದರೆ ಎಷ್ಟು ಸಣ್ಣದು ಗೊತ್ತೇ? ನನ್ನ ಹಳೆಯ ಸನ್ ಯಂತ್ರದ ಸ್ಪಾರ್ಕ್ ಪ್ರೊಸೆಸರ್ ಸಂಖ್ಯೆಯ ದೊಡ್ಡ ಸ್ಥಾನಬೆಲೆಯ ಬೈಟನ್ನು ಮೊದಲು ಇಡುತ್ತದೆ, ನಮ್ಮ ಇಂಟೆಲ್ ಯಂತ್ರಗಳು ಚಿಕ್ಕದನ್ನು ಮೊದಲು ಇಡುತ್ತವೆ. ಫೋರ್ಟ್ರಾನ್‌ನ ಬೈನರಿ ಫೈಲಿನಲ್ಲಿ ಪ್ರತಿ ದಾಖಲೆಯ ಮುಂದೆ ಅದರ ಉದ್ದವನ್ನು 4 ಬೈಟ್‌ಗಳಲ್ಲಿ ಬರೆದಿರುತ್ತದೆ. ನನ್ನ ಫೈಲಿನ ಮೊದಲ ನಾಲ್ಕು ಬೈಟ್‌ಗಳು ಹದಿನಾರರ ಮೂಲದ ಬರಹದಲ್ಲಿ 00 00 00 50, ಅಂದರೆ ಉದ್ದ 80. ತಿರುಗಿಸಿ ಓದಿದರೆ ಅದೇ 1,34,21,77,280 ಆಗುತ್ತದೆ. ಅಷ್ಟುದ್ದದ ದಾಖಲೆ ಎಲ್ಲಿಂದ ಸಿಗಬೇಕು? ಜಿಫೋರ್ಟ್ರಾನ್ ಎಂಬ ಕಂಪೈಲರ್‌ನಲ್ಲಿ (ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿಸುವ ತಂತ್ರಾಂಶ) ಕಂಪೈಲ್ ಮಾಡುವಾಗ '-ಎಫ್‌ಕನ್ವರ್ಟ್=ಬಿಗ್-ಎಂಡಿಯನ್' ಎಂಬ, ಫೈಲಿನಲ್ಲಿ ದೊಡ್ಡ ಬೈಟ್ ಮೊದಲಿದೆ ಎಂದು ತಿಳಿಸುವ ಒಂದು ಆಯ್ಕೆ ಕೊಟ್ಟೆ. ಕೋಷ್ಟಕ ಪೂರ್ತಿ ಓದಿತು. 200ಕ್ಕೆ 23 ಮಿಲಿಮೀಟರ್ ಬಂತು. ಒಂದು ಆಯ್ಕೆ! ವರ್ಷಗಟ್ಟಲೆ ಪೋರ್ಟಿಂಗ್ ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ?

ಹಣ ಕೇಳಿದ್ದಕ್ಕೆ ಬಂದ ಕೊನೆಯ ಉತ್ತರ: "ಕೆಲಸ ಮುಗಿಸಿಕೊಟ್ಟಿದ್ದೇನೆ ಸರ್. ಬದಲಾವಣೆ ಬೇಕಾದರೆ ಬೇರೆ ಚಾರ್ಜ್ ಆಗುತ್ತದೆ." ಆಮೇಲೆ ನನ್ನ ಫೋನ್ ಎತ್ತಿಲ್ಲ.

ಸೋರ್ಸ್ ಕೋಡ್ ಕೈಗೆ ಬಂದು, ನೀವೇ ಕಂಪೈಲ್ ಮಾಡಿ ನೋಡುವವರೆಗೆ ಕೊನೆಯ ಕಂತು ಕೊಡಬೇಡಿ. ಪರೀಕ್ಷೆಗೆ ಕೊಡುವ ಲೆಕ್ಕವನ್ನು ಮೊದಲೇ ತೋರಿಸಬೇಡಿ, ಅವರು ಬಂದ ದಿನ ಎದುರಿಗೇ ಹೊಸದು ಕೊಡಿ. ಸೆಕ್ಷನ್ ಬದಲಿಸಿ ನೋಡಿ, ಇನ್ಪುಟ್ ಫೈಲನ್ನೇ ತೆಗೆದು ನೋಡಿ. ಫೈಲ್ ಇಲ್ಲದಿದ್ದರೂ ಉತ್ತರ ಕೊಡುವ ಪ್ರೋಗ್ರಾಂಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೋಷ್ಟಕಗಳನ್ನು ಬೈನರಿಯಿಂದ ಟೆಕ್ಸ್ಟ್ ಫೈಲಿಗೆ ಈಗಲೇ ಬದಲಿಸಿಟ್ಟುಕೊಳ್ಳಿ.

ಗೋದಾಮಿಗೆ 300ರ ಬೀಮುಗಳೇ ಬಂದವು. ಆ ಎರಡು ತಿಂಗಳಲ್ಲಿ ಇದೇ ಪ್ರೋಗ್ರಾಂ ನಂಬಿ ಇನ್ನೆರಡು ಶೆಡ್ಡುಗಳ ಲೆಕ್ಕ ಮಾಡಿದ್ದೆ. ಈಗ ರಾತ್ರಿ ಕುಳಿತು ಅವೆರಡನ್ನೂ ಕೈಯಿಂದಲೇ ಮತ್ತೆ ಮಾಡುತ್ತಿದ್ದೇನೆ. ಒಂದು ಮುಗಿದಿದೆ.